ವಾಪಸ್ ಹೋಗದ ಕುರ್ಚಿ

“ಸೋಫಾನ ಆ ಗೋಡೆಗೆ ಬೇಡ, ಬಾಗಿಲಿಗೆ ಎದುರಾಗಿ ಇಡ್ರಪ್ಪ. ಬಂದೋರ ಕಣ್ಣಿಗೆ ಮೊದಲು ಅದೇ ಬೀಳಬೇಕು,” ಎಂದಳು ಅಕ್ಕ.

“ಅಕ್ಕಾ, ಇದು ನನ್ನ ಮನೆ ಥರಾನೇ ಕಾಣ್ತಿಲ್ಲ,” ಎಂದಳು ತಂಗಿ.

“ಕಾಣಬಾರದು ಅಂತಾನೇ ಇಷ್ಟು ಒದ್ದಾಡ್ತಿರೋದು.”

ಅಕ್ಕತಂಗಿ ಇಬ್ಬರದೂ ಸೇರಿ ಒಂದು ಬಾಡಿಗೆ ಸಾಮಾನಿನ ಅಂಗಡಿ. ಮದುವೆಗೆ, ಸಭೆಗೆ, ಸಾವಿನ ಮನೆಗೆ ಕುರ್ಚಿ, ಮೇಜು, ದೊಡ್ಡ ಪಾತ್ರೆ ಕೊಡುವುದು ಅವರ ಕಸುಬು. ಗಿರಾಕಿಗಳ ಜೊತೆ ಮಾತು ಅಕ್ಕನದು. ಮುರಿದ ಕುರ್ಚಿಗೆ ಕಾಲು ಹಾಕುವುದು, ಹರಿದ ವೈರು ಮತ್ತೆ ಹೆಣೆಯುವುದು ತಂಗಿಯದು. ಕಳೆದುಹೋಗದಿರಲೆಂದು ಪ್ರತಿ ಸಾಮಾನಿನ ಬೆನ್ನಿಗೂ ಬಿಳಿ ಬಣ್ಣದ ಒಂದು ನಂಬರ್. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಂಗಿಯ ವಾಸ, ಎದುರು ಮನೆಯಲ್ಲಿ ಅಕ್ಕನ ಸಂಸಾರ.

ತಂಗಿಗೆ ನಲವತ್ತೊಂದು. ಮದುವೆಯಾಗಿರಲಿಲ್ಲ, ಆಗಬೇಕೆಂಬ ಆಸೆಯೂ ಇರಲಿಲ್ಲ. ಆದರೆ ಒಂದು ಮಗುವನ್ನು ಸಾಕಬೇಕೆಂಬ ಆಸೆ ಮಾತ್ರ ವರ್ಷದಿಂದ ವರ್ಷಕ್ಕೆ ಬಲಿಯುತ್ತಲೇ ಬಂದಿತ್ತು. ಕಡೆಗೆ ಧೈರ್ಯ ಮಾಡಿ ದತ್ತು ಸಂಸ್ಥೆಗೆ ಅರ್ಜಿ ಹಾಕಿದ್ದಳು. ಇವತ್ತು ಅಲ್ಲಿಂದ ಒಬ್ಬ ಮೇಡಂ ಮನೆ ನೋಡಲು ಬರುವವರಿದ್ದರು.

“ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು ನಿನ್ನ ಕಥೆ,” ಎಂದು ಅಕ್ಕ ಬೆಳಗಿನಿಂದ ನಾಲ್ಕು ಸಲ ಹೇಳಿಯಾಗಿತ್ತು. ಹಾಗೆನ್ನುತ್ತಲೇ ಅಂಗಡಿಯ ಒಳ್ಳೊಳ್ಳೆ ಸಾಮಾನನ್ನೆಲ್ಲ ಮೇಲಕ್ಕೆ ಹೊರಿಸಿದ್ದಳು. ಬೇಡ ಅನ್ನುವುದು ಬೇರೆ, ಬಂದವರ ಮುಂದೆ ಮನೆಯ ಮರ್ಯಾದೆ ಹೋಗುವುದು ಬೇರೆ.

ಮೇಡಂ ಬಂದರು. ಸೋಫಾದಲ್ಲಿ ಕೂತರು. ಚಹಾ ಇನ್ನೂ ಅರ್ಧ ಕಪ್ ಉಳಿದಿತ್ತು, ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಇಬ್ಬರು ಆಳುಗಳೊಂದಿಗೆ ಒಬ್ಬ ಗಿರಾಕಿ ಬೆವರೊರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ.

“ಅಕ್ಕಾ, ಹನ್ನೊಂದಕ್ಕೆ ಸೋಫಾ ಕಳಿಸ್ತೀನಿ ಅಂದಿದ್ರಲ್ಲ! ಅಲ್ಲಿ ಗಂಡುಹೆಣ್ಣು ಇಬ್ಬರೂ ನಿಂತೇ ಇದಾರೆ.”

ಅಕ್ಕ ನಾಲಗೆ ಕಚ್ಚಿಕೊಂಡಳು. ಮನೆ ಸಿಂಗರಿಸುವ ಗಡಿಬಿಡಿಯಲ್ಲಿ ಅದೇ ಸೋಫಾವನ್ನು ಮದುವೆಗೆ ಕೊಡಲು ಒಪ್ಪಿಕೊಂಡಿದ್ದೇ ಮರೆತುಹೋಗಿತ್ತು.

“ಮೇಡಂ... ಒಂಚೂರು ಏಳ್ತೀರಾ?”

ಮೇಡಂ ಕಪ್ಪು ಹಿಡಿದುಕೊಂಡೇ ಎದ್ದರು. ಸೋಫಾ ಹೋಯಿತು. ಅದರ ಹಿಂದೆ ಗಾಜಿನ ಮೇಜು ಹೋಯಿತು. ಆಮೇಲೆ ನಾಲ್ಕು ಕುರ್ಚಿ. ಆಳುಗಳಲ್ಲೊಬ್ಬ ಗೋಡೆಯ ಗಡಿಯಾರಕ್ಕೂ ಕೈಯೆತ್ತಿದ.

“ಏಯ್, ಅದು ನಮ್ಮದೇ ಕಣಯ್ಯ!” ಎಂದು ಅಕ್ಕ ಕೂಗಿಕೊಂಡಳು.

ಕೊನೆಗೆ ಕೋಣೆಯಲ್ಲಿ ಉಳಿದದ್ದು ತಂಗಿಯ ಎರಡು ವೈರಿನ ಕುರ್ಚಿ, ಒಂದು ಚಾಪೆ, ಕಿಟಕಿಯ ಕೆಳಗೆ ಉಳಿ ಸುತ್ತಿಗೆಯ ಪೆಟ್ಟಿಗೆ. ತಂಗಿಗೆ ಅಳು ಬರುವಂತಾಗಿತ್ತು. ಮೇಡಂ ಮಾತ್ರ ನಗುತ್ತಾ ಚಾಪೆಯ ಮೇಲೆ ಕೂತರು.

“ಈಗ ನಿಮ್ಮ ಮನೆ ಕಾಣಿಸ್ತು ನೋಡಿ. ನಾವು ಸೋಫಾ ನೋಡೋಕೆ ಬರಲ್ಲಮ್ಮ. ಮಗು ಎಲ್ಲಿ ಮಲಗುತ್ತೆ, ಈ ಮೊಳೆ, ಉಳಿ ಅದರ ಕೈಗೆ ಸಿಗದ ಹಾಗೆ ಎಲ್ಲಿಡ್ತೀರಿ, ನೀವು ಕೆಲಸದಲ್ಲಿದ್ದಾಗ ಯಾರು ನೋಡ್ಕೋತಾರೆ, ಅದನ್ನ ಕೇಳೋಕೆ ಬರ್ತೀವಿ.”

ತಂಗಿ ಎಲ್ಲಕ್ಕೂ ಉತ್ತರ ಹೇಳಿದಳು. ಪೆಟ್ಟಿಗೆಗೆ ಬೀಗ ಹಾಕಿಸುವುದು, ಕಿಟಕಿಗೆ ಸರಳು ಕೂಡಿಸುವುದು, ಮಗು ಹೊಂದಿಕೊಳ್ಳುವವರೆಗೆ ಅರ್ಧ ದಿನವಷ್ಟೇ ಕೆಲಸ ಮಾಡುವುದು, ಎಲ್ಲವನ್ನೂ ಅವಳು ಮೊದಲೇ ಯೋಚಿಸಿಟ್ಟಿದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ.

“ಮೇಡಂ, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ. ಗಂಡ ಇಲ್ದೋಳಿಗೆ ಯಾರು ಮಗು ಕೊಡ್ತಾರೆ?”

“ನಾವೇ ಕೊಡ್ತೀವಿ. ಮದುವೆ ಆಗದೋರು, ಗಂಡನ್ನ ಕಳ್ಕೊಂಡೋರು, ಬೇರೆ ಆದೋರು, ಯಾರು ಬೇಕಾದ್ರೂ ಅರ್ಜಿ ಹಾಕಬಹುದು. ಗಂಡಸರೂ ಹಾಕಬಹುದು, ಅವರಿಗೆ ನಿಯಮ ಸ್ವಲ್ಪ ಬೇರೆ. ವಯಸ್ಸು, ಆರೋಗ್ಯ, ದುಡಿಮೆ, ನಡತೆ ಎಲ್ಲಾ ವಿಚಾರಿಸ್ತೀವಿ.”

“ಅದಕ್ಕೆ ವರ್ಷಗಟ್ಟಲೆ ಕಾಯಬೇಕಂತೆ! ನನಗೊಬ್ಬ ಆಸ್ಪತ್ರೆ ಆಯಾ ಗೊತ್ತು. ಮುಂದಿನ ವಾರವೇ ಕೂಸನ್ನ ಕೈಗೆ ಕೊಡ್ತಾಳಂತೆ. ಕಾಗದ ಇಲ್ಲ, ಪತ್ರ ಇಲ್ಲ, ರಗಳೆ ಇಲ್ಲ.”

ಮೇಡಂ ಕಪ್ಪು ಕೆಳಗಿಟ್ಟರು.

“ಒಂದು ಮಾತು ಕೇಳ್ತೀನಿ. ಯಾರೋ ಗುರುತಿಲ್ಲದೋನು ಹತ್ತು ಕುರ್ಚಿ ತಂದು, ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ ಅಂದ್ರೆ, ನೀವು ತಗೋತೀರಾ?”

“ಯಾಕ್ರೀ ತಗೊಳ್ಳಲಿ? ಕದ್ದ ಮಾಲೇ ಇರ...”

“ಕುರ್ಚಿಗೇ ಇಷ್ಟು ವಿಚಾರಿಸ್ತೀರಿ. ಆ ಕೂಸಿನ ಹೆತ್ತ ತಾಯಿಗೆ ಏನು ಹೇಳಿ ಎತ್ಕೊಂಡು ಬಂದಿರ್ತಾರೋ ಯಾರಿಗೆ ಗೊತ್ತು? ನಾಳೆ ಪೊಲೀಸರು ಬಾಗಿಲು ತಟ್ಟಿದ್ರೆ ನಿಮ್ಮ ತಂಗಿ ಮೇಲೆ ಕೇಸು, ಆ ಮಗು ಮತ್ತೊಂದು ಸಲ ಅನಾಥ. ಕಾಯೋದು ಕಷ್ಟ ನಿಜ. ಕಾದು ತಗೊಂಡ ಮಗುವನ್ನ ಯಾರೂ ಬಂದು ಕಿತ್ಕೊಳ್ಳಲ್ಲ.”

ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು.

“ಒಂಟಿಯಾಗಿ ದತ್ತು ತಗೊಳ್ಳೋರಿಗೆ ಇದೊಂದು ಬೇಕು. ಇವರಿಗೆ ಏನಾದ್ರೂ ಆದ್ರೆ ಮಗುವನ್ನ ನಾನು ನೋಡ್ಕೋತೀನಿ ಅಂತ ಹತ್ತಿರದ ಸಂಬಂಧಿಕರೊಬ್ಬರು ಬರೆದುಕೊಡಬೇಕು. ಇದಿಲ್ಲದೆ ಅರ್ಜಿ ಮುಂದೆ ಹೋಗಲ್ಲ.”

ತಂಗಿ ಅಕ್ಕನ ಮುಖ ನೋಡಿದಳು.

“ನನ್ನ ಕೈಲಾಗಲ್ಲ,” ಎಂದಳು ಅಕ್ಕ.

“ನನಗೆ ನೀನು ಬಿಟ್ರೆ ಯಾರಿದಾರಕ್ಕ?”

“ಅದೇ ಮತ್ತೆ! ಯಾರೂ ಇಲ್ಲ ಅಂತ ಗೊತ್ತಿದ್ದೂ ಇದಕ್ಕೆ ಕೈ ಹಾಕಿದೀಯಲ್ಲ!” ಅಕ್ಕನ ದನಿ ಏರಿತು. “ಮೇಡಂ, ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಇವಳಿಗೆ ಆರು, ನನಗೆ ಹತ್ತೊಂಬತ್ತು. ಇವಳನ್ನ ಸಾಕಿದೋಳು ನಾನೇ.”

“ಹಾಗಾದ್ರೆ ಒಂಟಿ ಹೆಂಗಸಿನ ಕೈಲಿ ಆಗುತ್ತೆ ಅಂತ ನಿಮಗೇ ಗೊತ್ತಲ್ಲ?”

“ಎಷ್ಟು ಕಷ್ಟ ಅಂತ ಗೊತ್ತು! ಇವಳಿಗೆ ಜ್ವರ ಬಂದ್ರೆ ಹೆಗಲ ಮೇಲೆ ಮಲಗಿಸ್ಕೊಂಡೇ ಕುರ್ಚಿ ಎಣಿಸಿ ಕೊಟ್ಟಿದೀನಿ. ಒಂದು ಸಲ ನಾನೇ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದೆ. ಇವಳು ಬಾಗಿಲಲ್ಲಿ ಕೂತು, ಹೋಗೋರು ಬರೋರನ್ನೆಲ್ಲ ‘ನಮ್ಮಕ್ಕ ಸತ್ತೋಗ್ತಾಳಾ?’ ಅಂತ ಕೇಳ್ತಿದ್ದಳಂತೆ. ಒಂದು ನರಪಿಳ್ಳೆ ಒಳಗೆ ಬರಲಿಲ್ಲ ಮೇಡಂ. ಅಂಥ ಗತಿ ಇನ್ನೊಂದು ಮಗುವಿಗೆ ಬೇಕಾ?”

ಆ ದಿನದ ನೆನಪು ತಂಗಿಗೂ ಇತ್ತು. ಅಕ್ಕ ಅದನ್ನು ಇಷ್ಟು ವರ್ಷ ಹೊತ್ತುಕೊಂಡೇ ಇದ್ದಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ.

“ಅದಕ್ಕೇ ಅಮ್ಮ ಈ ಕಾಗದ,” ಎಂದರು ಮೇಡಂ ಮೆಲ್ಲಗೆ. “ಅಂಥ ದಿನ ಬಂದ್ರೆ ಒಳಗೆ ಬರೋರು ಯಾರು ಅಂತ ಮೊದಲೇ ಗೊತ್ತಿರಲಿ ಅಂತ.”

ಅಕ್ಕ ಕಾಗದವನ್ನು ಮಡಿಸಿಕೊಂಡು ಕೆಳಗಿಳಿದು ಹೋದಳು.

ನಾಲ್ಕು ದಿನ ಅದು ಅಂಗಡಿಯ ಮೇಜಿನ ಖಾನೆಯಲ್ಲಿತ್ತು. ತಂಗಿ ಕೇಳಲಿಲ್ಲ. ಕುರ್ಚಿ ಹೆಣೆಯುತ್ತಾ ಕೂತವಳು ಎರಡು ಸಲ ವೈರು ತಪ್ಪಾಗಿ ಹೆಣೆದು ಬಿಚ್ಚಿದಳು. ಐದನೆಯ ದಿನ ಅಕ್ಕ ಬಂದು ಕಾಗದವನ್ನು ಅವಳ ಮಡಿಲಿಗೆ ಹಾಕಿದಳು.

“ಸಹಿ ಹಾಕಿದಾಳೆ ಅಂತ ಹಿಗ್ಗಬೇಡ. ನೀನು ಮೊದಲು ಬಿ.ಪಿ. ನೋಡಿಸ್ಕೋ. ಈ ಕಾಗದ ಉಪಯೋಗಕ್ಕೆ ಬರಬಾರದು, ತಿಳೀತಾ?”

ಆಮೇಲೆ ಎರಡು ವರ್ಷ ಕಾದರು. ಒಂದು ದಿನ ಫೋನ್ ಬಂತು. ಐದು ವರ್ಷದ ಹೆಣ್ಣು ಮಗು. ತಂಗಿ ಹೋಗಿ ನೋಡಿದಳು, ಮಗುವೂ ಅವಳನ್ನು ನೋಡಿತು. ಮತ್ತಷ್ಟು ಕಾಗದಗಳಾಗಿ, ಕೊನೆಗೆ ದತ್ತು ಆದೇಶದ ಪ್ರತಿ ಕೈಗೆ ಬಂತು. ಈಗಲೂ ಆಗಾಗ ಮೇಡಂ ಬಂದು ಮಗುವನ್ನು ಮಾತಾಡಿಸಿಕೊಂಡು ಹೋಗುತ್ತಾರೆ. ಅದೂ ನಿಯಮವೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ನಿಮಗೆ. ನಿಮ್ಮಲ್ಲಿ ಯಾರಿಗಾದರೂ ಒಂಟಿಯಾಗಿಯೇ ಮಗು ಸಾಕುವ ಮನಸ್ಸಿದ್ದರೆ, ಜಗತ್ತು ಏನೆನ್ನುತ್ತದೋ ಎಂದು ಅದನ್ನು ಒಳಗೇ ಹೂತಿಡಬೇಡಿ. ಹತ್ತಿರದ ಮಕ್ಕಳ ರಕ್ಷಣಾ ಕಚೇರಿಗೆ ಅಥವಾ ಸರ್ಕಾರ ಒಪ್ಪಿದ ದತ್ತು ಸಂಸ್ಥೆಗೆ ಹೋಗಿ ಕೇಳಿ. ಕೇಳುವುದರಿಂದ ಏನೂ ನಷ್ಟವಿಲ್ಲ. ಕಾಗದವಿಲ್ಲದೆ ಕೈಯಿಂದ ಕೈಗೆ ಬರುವ ಕೂಸನ್ನು ಮಾತ್ರ ಯಾರೇ ಹೇಳಿದರೂ ತೆಗೆದುಕೊಳ್ಳಬೇಡಿ. ಬಂದ ಮಗುವಿಗೆ ಅದು ಹೇಗೆ ಬಂತೆಂಬ ಸತ್ಯವನ್ನು ಚಿಕ್ಕಂದಿನಿಂದಲೇ ನಿಮ್ಮ ಬಾಯಿಂದಲೇ ಹೇಳಿ, ಬೀದಿಯವರ ಬಾಯಿಂದ ಕೇಳಿಸಬೇಡಿ. ದತ್ತು ತೆಗೆದುಕೊಳ್ಳುವವರು ನೀವಲ್ಲ, ನಿಮ್ಮ ತಂಗಿಯೋ ತಮ್ಮನೋ ಗೆಳತಿಯೋ ಆಗಿದ್ದರೆ, “ಒಂಟಿಯಾಗಿ ಹೇಗೆ ಸಾಕ್ತೀಯಾ?” ಎಂದು ಕೇಳುವ ಬದಲು, ಆ ಕಾಗದದಲ್ಲಿ ನಿಮ್ಮ ಸಹಿಗೂ ಒಂದು ಜಾಗವಿದೆಯೆಂದು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಹೇಳುವುದು ಉಳಿದಿದೆ.

ಮಗು ಬಂದ ಮೊದಲ ತಿಂಗಳು. ಅದು ದಿನವೂ ಅಂಗಡಿಯಲ್ಲಿ ಒಂದು ಪುಟ್ಟ ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿತ್ತು. ಸಾಮಾನು ಹೋಗುತ್ತಿತ್ತು, ಬರುತ್ತಿತ್ತು. ಅಕ್ಕ ಪ್ರತಿಯೊಬ್ಬರನ್ನೂ “ವಾಪಸ್ ಯಾವತ್ತು?” ಎಂದು ಕೇಳುತ್ತಿದ್ದಳು. ಸಂಜೆಯಾದರೆ ಮಗು ತನ್ನ ಎರಡು ಫ್ರಾಕು, ಬಾಚಣಿಗೆಯನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಡುತ್ತಿತ್ತು. ಯಾಕೆಂದು ತಂಗಿಗೆ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಅದು ಅಕ್ಕನ ಹತ್ತಿರ ಬಂದು ನಿಂತಿತು.

“ದೊಡ್ಡಮ್ಮಾ, ನನ್ನ ವಾಪಸ್ ಯಾವತ್ತು?”

ಅಕ್ಕ ಕೈಯಲ್ಲಿದ್ದ ಚಮಚಗಳ ಕಟ್ಟನ್ನು ಕೆಳಗಿಟ್ಟಳು.

“ತಿರುಗು ನೋಡೋಣ. ನಿನ್ನ ಬೆನ್ನ ಮೇಲೆ ನಂಬರ್ ಇದೆಯಾ?”

ಮಗು ತಿರುಗಿತು. ಅಕ್ಕ ಅದರ ಬೆನ್ನನ್ನು ಮೇಲಿಂದ ಕೆಳಗಿನವರೆಗೂ ಸವರಿ, ಬಹಳ ಗಂಭೀರವಾಗಿ ಹುಡುಕಿದಳು.

“ಎಲ್ಲೂ ಇಲ್ಲವಲ್ಲೇ! ನಂಬರ್ ಇದ್ದದ್ದು ಮಾತ್ರ ವಾಪಸ್ ಹೋಗೋದು. ನೀನು ನಮ್ಮೋಳು.”

ಮಗು ಯೋಚಿಸಿತು. “ಈ ಕುರ್ಚಿಗಿದೆ,” ಎಂದಿತು.

“ಹೌದಾ? ಅದನ್ನ ಇಲ್ಲಿ ಕೊಡು.”

ಅಕ್ಕ ಸೀಮೆಎಣ್ಣೆಯಲ್ಲಿ ಬಟ್ಟೆಯದ್ದಿ, ಬಿಳಿ ನಂಬರಿನ ಗುರುತೂ ಉಳಿಯದ ಹಾಗೆ ತಿಕ್ಕಿ ಒರೆಸಿದಳು. ಮಗು ಕುರ್ಚಿಯನ್ನು ತಿರುಗಿಸಿ ಬೆನ್ನು ನೋಡಿತು, ಮತ್ತೊಮ್ಮೆ ನೋಡಿತು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದೊಂದೇ ಮೆಟ್ಟಿಲಿಗೆ ಟಕ್ ಎಂದು ಇಡುತ್ತಾ, ಅಮ್ಮನಿರುವ ಮೇಲಿನ ಕೋಣೆಗೆ ಹತ್ತತೊಡಗಿತು.