ಮಂಗಳವಾರ ಇಲ್ಲದ ಗಾಡಿ

ನಾನೊಂದು ರೈಲ್ವೆ ವೇಳಾಪಟ್ಟಿ. ಅಚ್ಚಿನ ಮನೆಯಿಂದ ಹೊರಬೀಳುವಾಗಲೇ ನನ್ನ ಮುಖದ ಮೇಲೆ ಎರಡು ತಾರೀಖು ಇದ್ದವು. ಜುಲೈ ಒಂದಕ್ಕೆ ಹುಟ್ಟಿದ್ದು, ಮುಂದಿನ ಜೂನ್ ಮೂವತ್ತಕ್ಕೆ ಸಾಯುವುದು. ಹೊಟ್ಟೆ ತುಂಬ ಅಂಕಿಗಳು, ಅವುಗಳ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಸೂಚನೆಗಳು. ಇಷ್ಟೆಲ್ಲ ಹೊತ್ತುಕೊಂಡು ಹುಟ್ಟಿದವರಿಗೆ ಬಾಲ್ಯ ಎಲ್ಲಿಂದ ಬರಬೇಕು? ಕಣ್ಣು ಬಿಡುವಾಗಲೇ ನನಗೆ ಸುಸ್ತಾಗಿತ್ತು.

ಬೆಂಗಳೂರಿನ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ನನ್ನನ್ನು ನೇತುಹಾಕಿದರು. ಬಂದವರೆಲ್ಲ ನನ್ನನ್ನು ತಿರುವಿ, ಬೇಕಾದ ಗಾಡಿ ನೋಡಿಕೊಂಡು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದರು. ಕೊನೆಗೆ ಔಷಧಿ ಕಂಪನಿಯ ಶೇಷಗಿರಿ ಎಂಬವರು ಕೊಂಡರು. ಊರೂರು ಸುತ್ತುವ ಕೆಲಸ ಅವರದು. ಗಾಡಿ ತಡವಾದಾಗಲೆಲ್ಲ ನನ್ನನ್ನು ಬೆಂಚಿಗೆ ಬಡಿಯುತ್ತಿದ್ದರು. ತಪ್ಪು ಗಾಡಿಯದು, ಪೆಟ್ಟು ನನಗೆ. ಎರಡೇ ತಿಂಗಳಿಗೆ ನನ್ನ ರಟ್ಟು ಸಡಿಲವಾಯಿತು. ಒಂದು ದಿನ ಶ್ರೀರಾಂಪುರದ ಕಟಿಂಗ್ ಶಾಪಿನಲ್ಲಿ ಶೇವ್ ಮಾಡಿಸಿಕೊಂಡವರು ನನ್ನನ್ನು ಅಲ್ಲೇ ಮರೆತು ಹೋದರು. ನನಗೇನೂ ಬೇಜಾರಾಗಲಿಲ್ಲ.

ಆ ಅಂಗಡಿ ಗುರುಮೂರ್ತಪ್ಪನವರದು. ಯಾರಾದರೂ ಕೇಳಿಕೊಂಡು ಬರಬಹುದೆಂದು ತಿಂಗಳು ಕಾದರು. ಆಮೇಲೆ ಕನ್ನಡಿಯ ಪಕ್ಕ, ಪೌಡರ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿಕೊಂಡರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿ ಓದಿ ನನ್ನ ಅರ್ಧ ಹೊಟ್ಟೆಯನ್ನು ಬಾಯಿಪಾಠ ಮಾಡಿಬಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ.

"ಭಾನುವಾರ ಬಂದ್ರೆ ಎಲ್ಲಾದ್ರೂ ಕರ್ಕೊಂಡೋಗಿ ಅಂತ ಮನೇಲಿ ಒಂದೇ ಕಾಟ" ಎಂದು ಗಿರಾಕಿ ಗೊಣಗಿದರೆ ಸಾಕು, ಗುರುಮೂರ್ತಪ್ಪನವರ ಕತ್ತರಿ ನಿಲ್ಲುತ್ತಿತ್ತು.

"ಮೊದ್ಲು ವಾಪಸ್ ಬರೋ ಗಾಡಿ ನೋಡ್ಕೋಬೇಕು ಸಾರ್. ಹೋಗೋದೇನು, ಹೆಂಗೋ ಹೋಗ್ಬೋದು. ಬೆಳಿಗ್ಗೆ ಪ್ಯಾಸೆಂಜರ್ ಹಿಡೀರಿ. ಮದ್ದೂರು ಬರೋಗಂಟ ತಿಂಡಿ ಡಬ್ಬ ಬಿಚ್ಬೇಡಿ, ಬಿಸಿ ವಡೆ ಬರ್ತದೆ. ಶ್ರೀರಂಗಪಟ್ಟಣದಲ್ಲಿ ಇಳೀರಿ. ಹೊಳೆ ನೋಡಿ, ಊಟ ಮಾಡಿ, ಎರಡೂಹತ್ತರ ಗಾಡಿ ಹತ್ತಿದ್ರೆ ಸಂಜೆ ಕಾಫಿ ಮನೇಲೇ."

ಹೀಗೆ ನಂದಿ, ಚನ್ನಪಟ್ಟಣ, ಹಿಂದೂಪುರ, ಎಲ್ಲದಕ್ಕೂ ಅವರ ಬಳಿ ಒಂದೊಂದು ಲೆಕ್ಕಾಚಾರವಿತ್ತು. ಯಾವ ಬದಿಗೆ ಕೂತರೆ ಬಿಸಿಲು ಹೊಡೆಯುವುದಿಲ್ಲ, ಯಾವ ನಿಲ್ದಾಣದಲ್ಲಿ ನಲ್ಲಿ ನೀರು ಚೆನ್ನಾಗಿದೆ ಎಂಬುದನ್ನೂ ಹೇಳುತ್ತಿದ್ದರು. ಹೋಗಿಬಂದವರು ಸೋಮವಾರ ಬಂದು, "ನೀವು ಹೇಳ್ದಂಗೇ ಆಯ್ತು ಗುರುಮೂರ್ತಪ್ಪ" ಎಂದರೆ ಮುಖ ಅರಳುತ್ತಿತ್ತು. ವಡೆಯ ವಿಷಯ ಅವರಿಗೆ ಗೊತ್ತಾದದ್ದೂ ಹಾಗೆ ಬಂದವರಿಂದಲೇ. ಮಹಾಶಯರು ತಾವಾಗಿ ಒಂದು ಸಲವೂ ಹೋದವರಲ್ಲ.

ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಅವರ ಹೆಂಡತಿ ಅನಸೂಯಮ್ಮ ಇದನ್ನೆಲ್ಲ ಕೇಳಿಸಿಕೊಂಡು ತರಕಾರಿ ಹೆಚ್ಚುತ್ತಿದ್ದರು. ಬಸ್ಸು ಹತ್ತಿದರೆ ಅವರಿಗೆ ವಾಂತಿ. ಹೋಗುವುದಾದರೆ ರೈಲಿನಲ್ಲೇ ಹೋಗಬೇಕು. ಎದುರುಮನೆಯ ಸಾಕಮ್ಮ ಶ್ರೀರಂಗಪಟ್ಟಣಕ್ಕೆ ಹೋಗಿಬಂದು, "ನಿಮ್ಮೆಜಮಾನ್ರ ದಯದಿಂದ ಹೊಳೇಲಿ ಕಾಲಿಟ್ಟು ಬಂದೆ ಕಣಕ್ಕ" ಎಂದ ದಿನ ಅನಸೂಯಮ್ಮನವರು ಗಂಡನ ಮುಂದೆ ಬಂದು ನಿಂತರು.

"ರೀ, ಒಂದೇ ಒಂದು ದಿನ. ಹೊಳೆ ದಂಡೇಲಿ ಕೂತು, ನಾನ್ ಮಾಡಿದ್ ಬುತ್ತೀನ ನಾನೂ ನಿಧಾನಕ್ಕೆ ತಿನ್ಬೇಕು. ಅಷ್ಟೇ ಆಸೆ."

"ಮುಂದಿನ ಮಂಗಳವಾರ" ಎಂದರು ಗುರುಮೂರ್ತಪ್ಪ.

ಕ್ಷೌರದಂಗಡಿಗಳಿಗೆ ಮಂಗಳವಾರ ರಜಾ. ವಾರವೆಲ್ಲ ನಿಂತು ಊದಿದ ಕಾಲು ಚಾಚಿ ಅವರು ಆ ದಿನ ಮಲಗಿಬಿಡುತ್ತಿದ್ದರು. ಮುಂದಿನ ಮಂಗಳವಾರ ಎನ್ನುವುದು ಅವರ ಬಾಯಲ್ಲಿ ಎಷ್ಟು ಸಲ ಬಂತೋ, ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ಕಡೆಗೆ ಅನಸೂಯಮ್ಮ ಕೇಳುವುದನ್ನೇ ಬಿಟ್ಟರು. ಕೇಳುತ್ತಿದ್ದಷ್ಟು ದಿನ ನೆಮ್ಮದಿಯಾಗಿದ್ದ ಮನುಷ್ಯ, ಕೇಳುವುದು ನಿಂತಾಗ ಹೆದರಿದರು. ಒಂದು ಶುಕ್ರವಾರ ಪರದೆ ಸರಿಸಿ, "ಈ ಮಂಗಳವಾರ ಗ್ಯಾರಂಟಿ. ಹೊಳೆಗೆ. ವಾಪಸ್ ಎರಡೂಹತ್ತರ ಗಾಡಿ" ಎಂದರು. ನನ್ನನ್ನು ತೆರೆದು ನೋಡಲೂ ಇಲ್ಲ. ನೂರು ಜನರಿಗೆ ಹೇಳಿದ ಗಾಡಿ, ನೋಡುವುದೇನು?

ಅವತ್ತು ಮಧ್ಯಾಹ್ನ ಅವರು ನಿದ್ದೆ ಹೋದಾಗ ಅನಸೂಯಮ್ಮ ಬಂದು ನನ್ನನ್ನು ತೆಗೆದುಕೊಂಡರು. ಏಳನೇ ಕ್ಲಾಸಿನ ತನಕ ಓದಿದವರು. ಹೋಗುವ ಹುಮ್ಮಸ್ಸಿನಲ್ಲಿ ಒಂದೊಂದೇ ನಿಲ್ದಾಣದ ಹೆಸರು ಓದಿಕೊಂಡು ಬಂದರು. ಎರಡೂಹತ್ತರ ಮುಂದೆ ಒಂದು ನಕ್ಷತ್ರ. ಬೆರಳು ಕೆಳಗಿಳಿಯಿತು. ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಮಂಗಳವಾರ ಓಡುವುದಿಲ್ಲ.

ಗುರುಮೂರ್ತಪ್ಪನವರು ಇಷ್ಟು ದಿನ ದಾರಿ ಹೇಳಿದ್ದು ಭಾನುವಾರದ ಜನಕ್ಕೆ. ಆ ನಕ್ಷತ್ರ ಅವರಿಗೆ ಬೇಕಾಗಿರಲೇ ಇಲ್ಲ. ಅನಸೂಯಮ್ಮ ಇನ್ನೊಮ್ಮೆ ಓದಿದರು. ನನ್ನನ್ನು ಮುಚ್ಚಿ, ಇದ್ದ ಕಡೆಯೇ ಇಟ್ಟರು. ಶನಿವಾರ ಹೇಳುತ್ತಾರೆ ಎಂದುಕೊಂಡೆ. ಭಾನುವಾರ, ಸೋಮವಾರ ಕಾದೆ. ಆಕೆ ಪುಳಿಯೋಗರೆಗೆ ಗೊಜ್ಜು ಕುದಿಸುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ. ನನಗಂತೂ ಬಾಯಿಯೇ ಇಲ್ಲ.

ಮಂಗಳವಾರ ಜಂಬದಿಂದ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು. ಹೋಗುವಾಗ ಎಲ್ಲ ಸರಿಯಾಗಿಯೇ ಇತ್ತು. ಮದ್ದೂರಿನಲ್ಲಿ ವಡೆ ಬಂತು. ಹೊಳೆಯ ಮೆಟ್ಟಿಲ ಮೇಲೆ ಅನಸೂಯಮ್ಮ ಸೀರೆ ಮೇಲೆತ್ತಿಕೊಂಡು ಕಾಲು ಇಳಿಬಿಟ್ಟು ಕೂತರು. ಗುರುಮೂರ್ತಪ್ಪನವರದು ಮಾತ್ರ ನಿಮಿಷಕ್ಕೊಮ್ಮೆ ವಾಚು ನೋಡುವುದೇ ಆಯಿತು. ಅನಸೂಯಮ್ಮ ಡಬ್ಬ ಬಿಚ್ಚಿ ಎರಡು ತುತ್ತು ತಿಂದಿದ್ದರೋ ಇಲ್ಲವೋ, "ಏಳೇಳು, ಗಾಡಿ ಹೊತ್ತಾಯ್ತು" ಎಂದು ಎಬ್ಬಿಸಿದರು. ಆಕೆ ತೆಪ್ಪಗೆ ಡಬ್ಬ ಮುಚ್ಚಿದರು.

ಟಿಕೆಟ್ ಕೊಡುವವರು ತಲೆಯೆತ್ತಿ ನೋಡಿದರು. "ಇವತ್ತು ಮಂಗಳವಾರ ಅಲ್ವೇನ್ರಿ? ಎರಡೂಹತ್ತರದ್ದು ಇಲ್ಲ. ಇನ್ನು ಆರೂವರೆಗೇ ಗಾಡಿ."

ಗುರುಮೂರ್ತಪ್ಪ ಚೀಲದಿಂದ ನನ್ನನ್ನು ಎಳೆದು ತೆಗೆದರು. ನಕ್ಷತ್ರ ಕಂಡಿತು, ಸೂಚನೆ ಕಂಡಿತು. ಬೆಂಚಿನ ಮೇಲೆ ಕುಸಿದು ಕೂತರು. ಶೇಷಗಿರಿಯವರ ಹಾಗೆ ಬಡಿದಿದ್ದರೂ ಚೆನ್ನಾಗಿತ್ತು. ಅವರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು, "ಊರಿಗೆಲ್ಲ ಹೇಳ್ತಿದ್ದೆ ಕಣೇ. ನಿನ್ನೊಬ್ಬಳನ್ನ ಸರಿಯಾಗಿ ಕರ್ಕೊಂಡು ಬರಕ್ಕಾಗ್ಲಿಲ್ಲ" ಎಂದರು. ನನಗೆ ಬಹಳ ಸಂಕಟವಾಯಿತು.

"ಬಿಡಿ, ಹೊಳೆಗೇ ವಾಪಸ್ ಹೋಗಾಣ" ಎಂದರು ಅನಸೂಯಮ್ಮ.

ಹೋದರು. ಆಕೆಗೆ ಬೇಕಾಗಿದ್ದ ಹೊಳೆ, ಬುತ್ತಿ, ಹೊತ್ತು ಮೂರೂ ಸಿಕ್ಕವು. ಗಂಡ ಮಾತ್ರ ಅಲ್ಲಿ ಇದ್ದೂ ಇರಲಿಲ್ಲ. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು, ಅಷ್ಟೇ. ಪುಳಿಯೋಗರೆ ಅರ್ಧ ಉಳಿಯಿತು.

ಬುಧವಾರ ನನ್ನನ್ನು ಕನ್ನಡಿಯ ಪಕ್ಕದಿಂದ ತೆಗೆದು ಹಳೇ ಪೇಪರಿನ ಕಟ್ಟಿಗೆ ಸೇರಿಸಿದರು. ಗಿರಾಕಿಗಳು ಗಾಡಿ ಕೇಳಿದರೆ, "ಸ್ಟೇಷನ್ನಲ್ಲೇ ವಿಚಾರಿಸ್ಕೊಳ್ಳಿ ಸಾರ್" ಎಂದುಬಿಡುತ್ತಿದ್ದರು. ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡು ವಾರ ಪರದೆಯ ಆಚೆಯಿಂದ ಆ ಮೌನ ಕೇಳಿ ಕೇಳಿ ಅನಸೂಯಮ್ಮನವರಿಗೆ ಅನ್ನ ಸೇರದಾಯಿತು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಹೊರಗೆ ಬಂದರು.

"ಆ ಗಾಡಿ ಇಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ರೀ. ಶುಕ್ರವಾರಾನೇ ಓದಿದ್ದೆ."

ಗುರುಮೂರ್ತಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿದರು. "ಗೊತ್ತಿದ್ದೂ ಸುಮ್ನಿದ್ಯಾ? ಅಲ್ಲಿ ನನ್ ಮುಖ ನೋಡ್ಕೊಂಡೂ ಸುಮ್ನಿದ್ಯಾ?"

"ತಪ್ಪೇ. ಆದ್ರೆ ಹೇಳಿದ್ರೆ ನೀವು ಹೊರಡ್ತಿದ್ರಾ?"

ಅವರು ಕತ್ತಿ ಮಡಚಿ ಪೌಡರ್ ಡಬ್ಬದ ಪಕ್ಕ ಇಟ್ಟರು. "ಇಲ್ಲ" ಎಂದರು ಕೊನೆಗೆ. ಸಿಟ್ಟು ಇಳಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ನನ್ನನ್ನು ಹಳೇ ಪೇಪರಿನಿಂದ ಹುಡುಕಿ ತೆಗೆದರು.

ಜೂನ್ ಮೂವತ್ತು ಬಂತು. ನನ್ನ ಆಯಸ್ಸು ಮುಗಿಯಿತು, ಇನ್ನಾದರೂ ಮಲಗಬಹುದು ಎಂದುಕೊಂಡೆ. ಗುರುಮೂರ್ತಪ್ಪ ಹೊಸ ವೇಳಾಪಟ್ಟಿ ತಂದು ಕನ್ನಡಿಯ ಪಕ್ಕ ನಿಲ್ಲಿಸಿದರು. "ಇದು ಗಿರಾಕಿಗಳಿಗೆ" ಎಂದರು. ನನ್ನನ್ನು ಹೆಂಡತಿಯ ಕೈಗೆ ಕೊಟ್ಟರು. "ಇದು ನಮಗೆ."

ಅಲ್ಲಿಂದ ಹದಿನಾರು ವರ್ಷ. ಕಾಲು ಊದಿದ್ದರೂ ಸರಿ, ತಿಂಗಳಿಗೊಂದು ಮಂಗಳವಾರ ಹೊರಡುತ್ತಾರೆ. ವರ್ಷ ವರ್ಷ ಗಾಡಿಗಳ ಹೊತ್ತು ಬದಲಾಗಿದೆ, ಕೆಲವು ನಿಂತೇ ಹೋಗಿವೆ. ನನ್ನೊಳಗೆ ಈಗ ಒಂದು ಅಂಕಿಯೂ ನಿಜವಲ್ಲ. ನಿಜ ಹೇಳಲಿಕ್ಕೆಂದೇ ಹುಟ್ಟಿದವನಿಗೆ ಇದು ನಾಚಿಕೆಯ ಬಾಳು. ರಟ್ಟು ಹೋಗಿದೆ, ಅನಸೂಯಮ್ಮ ದಾರ ಹಾಕಿ ಹೊಲಿದಿದ್ದಾರೆ. ಬಿಟ್ಟುಬಿಡಿ ನನ್ನನ್ನು, ಸಾಕು ಎನ್ನಿಸುತ್ತದೆ.

ಮೊನ್ನೆ ಹಿಂದೂಪುರದ ಕಡೆಯ ಒಂದು ಸಣ್ಣ ನಿಲ್ದಾಣದಲ್ಲಿದ್ದೆವು. ಅಲ್ಲಿನ ರೈಲ್ವೆ ನೌಕರರೊಬ್ಬರು ಬಗ್ಗಿ ನನ್ನನ್ನು ನೋಡಿದರು.

"ಇದ್ಯಾವ ಕಾಲದ ಪುಸ್ತಕ ಯಜಮಾನ್ರೇ? ಇದರಲ್ಲಿರೋ ಗಾಡಿ ಒಂದೂ ಬರಲ್ಲ."

"ಗೊತ್ತು ಸ್ವಾಮಿ" ಎಂದರು ಗುರುಮೂರ್ತಪ್ಪ. ಅನಸೂಯಮ್ಮ ನನ್ನನ್ನು ಬೆಂಚಿನ ಮೇಲೆ ಹಾಸಿ, ನನ್ನ ಮೇಲೆ ಬುತ್ತಿ ಡಬ್ಬ ಇಟ್ಟು, ಮುಚ್ಚಳ ತೆಗೆದರು. ಮುಂದಿನ ಗಾಡಿ ಎಷ್ಟು ಹೊತ್ತಿಗೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.