ತೆಲಂಗಾಣದ ಸಮುದ್ರ

ನನ್ನನ್ನು ನೋಡುವವರು ಕಡಿಮೆ, ಮುಟ್ಟುವವರೇ ಹೆಚ್ಚು. ನಾನು ಸಾಗವಾನಿ ಮರದ ಭಾರತ ನಕಾಶೆ. ಹುಬ್ಬಳ್ಳಿಯ ಕಾಳಪ್ಪ ಬಡಿಗೇರರು ಕಣ್ಣು ಕಾಣದ ಮಕ್ಕಳ ಶಾಲೆಗೆಂದು ನನ್ನನ್ನು ಮಾಡಿದರು. ರಾಜ್ಯಕ್ಕೊಂದು ತುಂಡು ಕೊಯ್ದು ಚೌಕಟ್ಟಿನಲ್ಲಿ ಕೂಡಿಸಿದರು. ನೇಪಾಳ, ಬಾಂಗ್ಲಾದೇಶದಂಥ ನೆರೆ ದೇಶಗಳನ್ನು ಮಾತ್ರ ಚೌಕಟ್ಟಿಗೇ ಅಂಟಿಸಿಬಿಟ್ಟರು. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಸಮುದ್ರವಿರುವ ಕಡೆ ಅಂಚನ್ನು ಉಜ್ಜಿ ಗುಂಡಗೆ ಮಾಡುವುದು; ನೆರೆಯವರಿರುವ ಕಡೆ ಅಂಚನ್ನು ಚೂಪಾಗಿಯೇ ಬಿಟ್ಟು, ತುಂಡಿಗೆ ತುಂಡು ಒತ್ತಿ ಕೂರಿಸುವುದು.

ಶಾಲೆಯಲ್ಲಿ ನಾನು ಭೂಗೋಳ ಕಲಿಸುವ ಇಂದುಮತಿ ಅಕ್ಕೋರ ಕೈಗೆ ಬಂದೆ. ಅವರು ಮಕ್ಕಳ ಬೆರಳು ಹಿಡಿದು ಓಣಿ ಸುತ್ತಿಸಿದಂತೆ ನನ್ನ ಮೇಲೆ ಸುತ್ತಿಸುತ್ತಿದ್ದರು. ತ್ರಿಪುರಾ ಮೂರು ಕಡೆಯಿಂದ ಬಾಂಗ್ಲಾದೇಶದ ಮಡಿಲಲ್ಲಿ ಕೂತಿರುವುದು ತಿಳಿದಾಗ ಮಕ್ಕಳಿಗೆ ನಗು. ಉತ್ತರ ಪ್ರದೇಶಕ್ಕೆ ನೆರೆಹೊರೆ ಜಾಸ್ತಿ, ಜಂಭವೂ ಜಾಸ್ತಿ. ಪುಟ್ಟ ಗೋವಾ ಮಾತ್ರ ಯಾರದಾದರೂ ಜೇಬು ಸೇರಿ ಕಾಣೆಯಾಗುತ್ತಲೇ ಇತ್ತು. ಆ ಪ್ರೀತಿಯ ಕಳ್ಳತನ ನನಗೆ ಇಷ್ಟವೇ ಆಗುತ್ತಿತ್ತು.

ಹೀಗಿರುವಾಗ ಆಂಧ್ರ ಎರಡಾಯಿತು. ಕಾಳಪ್ಪನವರು ಆಗಲೇ ತೀರಿಕೊಂಡಿದ್ದರಿಂದ ಮಗ ಈರಣ್ಣ ಬಂದು, ನನ್ನ ಆಂಧ್ರದ ತುಂಡನ್ನು ಗರಗಸದಿಂದ ಕೊಯ್ದ. ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಈರಣ್ಣ ಒಳ್ಳೆಯವನು. ಮಕ್ಕಳ ಬೆರಳಿಗೆ ಸಿಬಿರು ಚುಚ್ಚಬಾರದೆಂದು ಕೊಯ್ದ ಎರಡೂ ಅಂಚುಗಳನ್ನು ಉಜ್ಜಿ ಉಜ್ಜಿ ನುಣ್ಣಗೆ, ಗುಂಡಗೆ ಮಾಡಿಕೊಟ್ಟ. ಅಪ್ಪನ ನಿಯಮ ಅವನಿಗೆ ಗೊತ್ತಿರಲಿಲ್ಲ.

ಮರುವರ್ಷ ಪದ್ಮಣ್ಣನವರು ಹೊಸ ಹೆಡ್‌ಮಾಸ್ತರರಾಗಿ ಬಂದರು. ಹಳೆಯ ಸಾಮಾನು ಕಂಡರೆ ಅವರಿಗಾಗದು. ಒಂದು ದಿನ ತರಗತಿಗೆ ಬಂದವರು, ತೆಲಂಗಾಣದ ನೆರೆಹೊರೆ ಯಾರೆಂದು ಮಾಬೂಬಿಯನ್ನು ಕೇಳಿದರು. ಬೆರಳಿನಲ್ಲೇ ದೇಶ ಓದುತ್ತಿದ್ದ ಜಾಣ ಹುಡುಗಿ ಅವಳು. ಮಹಾರಾಷ್ಟ್ರ, ಛತ್ತೀಸ್‌ಗಢ, ಕರ್ನಾಟಕ ಎಂದು ಸರಿಯಾಗಿಯೇ ಹೇಳಿ, ಕೆಳಗಿನ ಅಂಚು ಸವರಿದಳು.

"ಈ ಕಡೆ ಸಮುದ್ರ ಐತ್ರಿ ಸರ್."

ಪದ್ಮಣ್ಣನವರು ತಲೆ ಚಚ್ಚಿಕೊಂಡರು. ಹಾಗಾದರೆ ಹೈದರಾಬಾದಿನವರು ಮನೆ ಬಾಗಿಲಲ್ಲೇ ಸಮುದ್ರದ ಮೀನು ಹಿಡಿಯುತ್ತಾರೇನು ಎಂದು ಕೇಳಿ, ತಪ್ಪು ಕಲಿಸುವ ಈ ಹಲಗೆ ಹಾಸ್ಟೆಲಿನ ನೀರೊಲೆಗೆ ಲಾಯಕ್ಕು ಎಂದು ತೀರ್ಪು ಕೊಟ್ಟೇಬಿಟ್ಟರು. ಉರಿಯುವುದಕ್ಕಿಂತ ಹೆಚ್ಚು ಸಂಕಟ ತಂದದ್ದು ಮಾಬೂಬಿಯ ಬಾಡಿದ ಮುಖ. ತಪ್ಪು ಅವಳದಲ್ಲ, ನನ್ನ ಅಂಚಿನದು ಎಂದು ಹೇಳಲು ನನಗೆ ಬಾಯಿಯಿಲ್ಲ.

ಇಂದುಮತಿ ಅಕ್ಕೋರು ನನ್ನ ಮೇಲೆ ಕೈಯಾಡಿಸಿದರು. ಅವರಿಗೂ ಕಣ್ಣು ಕಾಣದು. ಗುಂಡಗಿನ ಅಂಚು ಸಿಕ್ಕಿದೊಡನೆ ಎಲ್ಲಾ ಹೊಳೆಯಿತು. ಅಂಚು ಗುಂಡಗಿದ್ದರೆ ಸಮುದ್ರ ಎಂದು ಹುಡುಗಿ ಕಲಿತದ್ದನ್ನೇ ಹೇಳಿದ್ದಾಳೆಂದು ವಿವರಿಸಿ, ಒಂದು ವಾರ ಗಡುವು ಕೇಳಿಕೊಂಡರು.

ಈರಣ್ಣ ಓಡಿ ಬಂದ. ಸಂಗತಿ ಕೇಳಿ ತನ್ನ ತಪ್ಪಿಗೆ ತಾನೇ ನಕ್ಕ. ಎರಡೂ ತುಂಡುಗಳಿಗೆ ತೆಳ್ಳನೆಯ ಪಟ್ಟಿ ಅಂಟಿಸಿ, ಅಂಚು ಚೂಪು ಮಾಡಿ, ಬಿಗಿಯಾಗಿ ಕೂರಿಸಿದ.

ವಾರ ಕಳೆದು ಪದ್ಮಣ್ಣನವರು ಬಂದರು. ಅದೇ ಪ್ರಶ್ನೆ. ಮಾಬೂಬಿಯ ಬೆರಳು ನಿಧಾನವಾಗಿ ಕೆಳಗಿಳಿಯಿತು. ಅಂಚಿನಲ್ಲಿ ನಿಂತಿತು. ಮತ್ತೊಮ್ಮೆ ಸವರಿ ನೋಡಿ, ಸೀದಾ ಆಂಧ್ರಕ್ಕೆ ದಾಟಿತು.

"ಸಮುದ್ರ ಬತ್ತೇತ್ರಿ ಸರ್. ನಡಕೋಂತನ ಹೋಗಬಹುದು."

ತರಗತಿಯೆಲ್ಲ ಗೊಳ್ಳೆಂದಿತು. ಪದ್ಮಣ್ಣನವರಿಗೂ ನಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ತಾವೂ ಒಮ್ಮೆ ಬೆರಳು ಇಟ್ಟು ನೋಡಿದರು. ನೀರೊಲೆಯ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಈಗ ವಯಸ್ಸಾಗಿದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿದ್ದುಕೊಂಡಿರುತ್ತೇನೆ. ಮಾಬೂಬಿ ಬಳ್ಳಾರಿಯಲ್ಲಿ ಟೀಚರ್ ಆಗಿದ್ದಾಳೆ. ಮೊನ್ನೆ ರಜೆಗೆ ಬಂದವಳು ಹೈದರಾಬಾದಿನಿಂದ ವಿಜಯವಾಡಕ್ಕೆ ರೈಲಿನಲ್ಲಿ ಹೋಗಿದ್ದನ್ನು ಹೇಳಿದಳು. ಗಡಿ ಬಂದರೆ ಹೇಳಿ ಎಂದು ಪಕ್ಕದ ಅಜ್ಜಿಯನ್ನು ಕೇಳಿಕೊಂಡಿದ್ದಳಂತೆ. ಅಜ್ಜಿ ಬುತ್ತಿ ಬಿಚ್ಚಿ ಇವಳಿಗೂ ಪುಳಿಯೋಗರೆ ಕೊಟ್ಟಳು. ಇಬ್ಬರೂ ಮಾತಾಡುತ್ತ ಉಣ್ಣುವಷ್ಟರಲ್ಲಿ ಗಡಿ ದಾಟಿಹೋಗಿತ್ತು.