ಗೆಣ್ಣಿನ ಮೇಲಿನ ಗೀರು

ನಮ್ಮ ಕೆಲಸದಲ್ಲಿ ಕಲ್ಲು ಒಡೆದರೆ ಯಾರೂ ಬೈಯುವುದಿಲ್ಲ. ಒಡೆದದ್ದನ್ನು ಅದರ ಚೀಟಿಯಲ್ಲಿ ಬರೆಯದಿದ್ದರೆ ಮಾತ್ರ ಕ್ಷಮೆಯಿಲ್ಲ. ಈ ಮಾತನ್ನು ಹೊಸಬರಿಗೆಲ್ಲ ಗದರಿಸಿ ಹೇಳುವವಳು ನಾನೇ. ನನ್ನಂಥ ನಾಚಿಕೆಗೆಟ್ಟವಳು ಈ ಮ್ಯೂಸಿಯಮ್ಮಿನಲ್ಲಿ ಇನ್ನೊಬ್ಬಳಿಲ್ಲ.

ಪಳೆಯುಳಿಕೆಗೆ ಅಂಟಿದ ಮಣ್ಣು ಬಿಡಿಸುವುದು ನನ್ನ ಕೆಲಸ, ಅದನ್ನು ನೋಡಿ ಲೇಖನ ಬರೆಯುವುದು, ಕಾಲೇಜಿನಲ್ಲಿ ಪಾಠ ಹೇಳುವುದು ಅಕ್ಕನ ಕೆಲಸ. ಅವಳ ಜೀವವೆಲ್ಲ ಕುದುರೆಬಾಲದ ಗಿಡದ ಮೇಲೆ. ಈಗದು ಹಳ್ಳದ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ, ಗೆಣ್ಣು ಗೆಣ್ಣಾಗಿ ನಿಲ್ಲುವ ಬಡಪಾಯಿ. ಮೂವತ್ತು ಕೋಟಿ ವರ್ಷದ ಹಿಂದೆ ಅದರ ಬಳಗದವು ನಾಲ್ಕು ಮಹಡಿ ಮೀರಿದ ಮರಗಳಾಗಿದ್ದವಂತೆ. ಅದರಲ್ಲೂ ಎರಡು ಕುಲ. ಹಳೆಯ ಕುಲದಲ್ಲಿ ಕಾಂಡದ ಗೀರುಗಳು ಗೆಣ್ಣನ್ನು ದಾಟಿ ನೇರ ಹೋಗುತ್ತವೆ. ಆಮೇಲೆ ಬಂದವುಗಳಲ್ಲಿ, ಕೆಳಗಿನ ಎರಡು ಗೀರುಗಳ ನಡುವಿನಿಂದ ಮೇಲಿನ ಗೀರು ಶುರುವಾಗುತ್ತದೆ. ಇವತ್ತಿನ ಗಿಡದಲ್ಲೂ ಹಾಗೆಯೇ. ಹಳೆಯ ಕುಲ ಅಳಿಯಿತೆಂದು ಎಲ್ಲರೂ ಬರೆದ ಕಾಲಕ್ಕಿಂತ ಎರಡು ಕೋಟಿ ವರ್ಷ ಈಚಿನ ಬಂಡೆಯಲ್ಲಿ ಅಕ್ಕನಿಗೆ ನೇರ ಗೀರಿನ ಕಾಂಡ ಸಿಕ್ಕಿತು. ಅವಳ ಹೆಸರು ನಿಂತಿರುವುದು ಅಂಗೈಯಗಲದ ಆ ಕಲ್ಲಿನ ಮೇಲೆ.

ಆ ಕಲ್ಲು ನನ್ನ ಕೈಯಿಂದ ಜಾರಿತ್ತು. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. "ನನ್ನ ತಂಗಿ ಅಂತಲ್ಲ, ಅವಳ ಕೈ ಅಷ್ಟು ನಾಜೂಕು" ಎಂದು ಎಲ್ಲರೆದುರು ಹೇಳಿ ಅಕ್ಕನೇ ಸೇರಿಸಿದ್ದಳು. ಕಲ್ಲು ಸರಿಯಾಗಿ ಗೆಣ್ಣಿನಲ್ಲೇ ಎರಡಾಯಿತು. ಬಟ್ಟೆಯ ಪಟ್ಟೆಗೆ ಪಟ್ಟೆ ಕೂಡಿಸಿ ಹೊಲಿಯುವ ಹಾಗೆ ಗೀರಿಗೆ ಗೀರು ಕೂಡಿಸಿ ಅಂಟಿಸಿದೆ, ಬಿರುಕಿನ ಮೇಲೆ ಅದೇ ಕಲ್ಲಿನ ಪುಡಿ ತೀಡಿದೆ, ಚೀಟಿಯಲ್ಲಿ ಏನೂ ಬರೆಯಲಿಲ್ಲ. ಗೀರು ನೇರವಿರುವುದೇ ದೊಡ್ಡ ಸಂಗತಿಯೆಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಅಕ್ಕನ ಲೇಖನ ಅಚ್ಚಾದಾಗ. ಆಗಲಾದರೂ ಹೇಳಬೇಕಿತ್ತು. ಎಲ್ಲರ ಮೇಲೂ ಬಾಯಿ ಮಾಡುವವಳು ಇದೊಂದಕ್ಕೆ ಹನ್ನೆರಡು ವರ್ಷ ಬೀಗ ಹಾಕಿಕೊಂಡೆ.

ಈ ವಾರ ದೂರದ ಸಂಶೋಧಕನೊಬ್ಬ ಆ ಗೆಣ್ಣಿನ ಬಗ್ಗೆ ಅನುಮಾನವಿದೆ ಎಂದು ಬರೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಪತ್ರ ಕೇಳಿದ್ದೇ ಎದ್ದು ಚಹಾ ಮಾಡಲು ಹೋದೆ.

"ಅನುಮಾನವಂತೆ! ಕಲ್ಲು ಮುಟ್ಟಿಯೂ ನೋಡದವನಿಗೆ ಅನುಮಾನ!" ಅಕ್ಕ ಕೆರಳಿದ್ದಳು. "ಬಾರೇ ಇಲ್ಲಿ, ಉತ್ತರ ಬರೆದಿದೀನಿ, ಕೇಳು. 'ಗೆಣ್ಣು ಎಲ್ಲೂ ಒಡೆದಿಲ್ಲ. ಇದನ್ನು ಬಿಡಿಸಿದ್ದು ನನ್ನ ತಂಗಿ. ಅವಳ ಕೆಲಸಕ್ಕೆ ನಾನು ಹೊಣೆ.' ಸರಿ ಇದೆಯಾ? ಕಳಿಸಲಾ?"

ಚಹಾದ ಲೋಟವನ್ನು ಮೇಜಿನ ಮೇಲಿಟ್ಟೆ.

"ಕಳಿಸ್ಬೇಡ ಅಕ್ಕಾ."

"ಯಾಕೆ, ಖಾರ ಜಾಸ್ತಿ ಆಯ್ತಾ?"

"ಅದು ಒಡೆದಿತ್ತು. ನಾನೇ ಅಂಟಿಸಿದ್ದು."

"ತಮಾಷೆಗೂ ಒಂದು ಹೊತ್ತು ಬೇಡ್ವೇನೇ?" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ನಾನೂ ಕೂಗಾಡಿ, ಅತ್ತು, ಹಗುರಾಗುತ್ತಿದ್ದೆ. ಅವಳು ಕಲ್ಲನ್ನೂ ಅಂಟು ಕರಗಿಸುವ ಅಸಿಟೋನ್ ಬಾಟಲಿಯನ್ನೂ ತಂದು ನನ್ನ ಮುಂದಿಟ್ಟು, "ಬಿಡಿಸು" ಅಂದಳು.

ಹತ್ತಿಯನ್ನು ಅದ್ದಿ ಅದ್ದಿ ಒತ್ತಿದೆ. ಮುಕ್ಕಾಲು ಗಂಟೆಗೆ ಅಂಟು ಬಿಟ್ಟಿತು. ಅಕ್ಕ ಎರಡು ತುಂಡನ್ನೂ ತೆಗೆದುಕೊಂಡು, ಮೇಲಿನದನ್ನು ಅರ್ಧ ಗೀರಿನಷ್ಟು ಸರಿಸಿದಳು. ಟಕ್ಕನೆ ಕೂತಿತು. ಗೀರುಗಳ ನಡುವೆ ಗೀರು, ಹಳ್ಳದ ಅಂಚಿನ ಗಿಡದಲ್ಲಿರುವಂತೆಯೇ.

"ಹತ್ತು ವರ್ಷ ಪಾಠ ಮಾಡಿದೀನಿ ಕಣೇ ಇದನ್ನ. ಹುಡುಗರು ಪರೀಕ್ಷೆಯಲ್ಲಿ ಬರೆದಿದಾರೆ."

"ತಪ್ಪಾಯ್ತು ಅಕ್ಕಾ. ಎಲ್ಲ ನನ್ನದೇ ತಪ್ಪು ಅಂತ ಬರಿ. ಕೆಲಸ ಹೋದರೆ ಹೋಗಲಿ."

ಅವಳು ಬರೆದದ್ದನ್ನು ಅಳಿಸಿ, 'ನಿಮ್ಮ ಅನುಮಾನ ಸರಿ. ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ' ಎಂದಷ್ಟೇ ಬರೆದು ಕಳಿಸಿದಳು. ನನ್ನ ಸುದ್ದಿಯೇ ಎತ್ತಿರಲಿಲ್ಲ.

"ಇನ್ನೆಷ್ಟು?" ಅಂದಳು.

"ಏನು ಅಕ್ಕಾ?"

"ಇಂಥವು. ಇನ್ನೆಷ್ಟಿವೆ?"

"ಇದೊಂದೇ. ನಿನ್ನಾಣೆ, ಇದೊಂದೇ."

ಅದು ಸತ್ಯ. ನಾನು ಮುಟ್ಟಿದ ಆರುನೂರು ಕಲ್ಲುಗಳಲ್ಲಿ ಬರೆಯದೆ ಮುಚ್ಚಿಟ್ಟದ್ದು ಅದೊಂದೇ.

ಅಕ್ಕ ಬೀರುವಿನ ಮೊದಲ ಡ್ರಾಯರ್ ಎಳೆದು, ಮೊದಲ ಕಲ್ಲನ್ನೆತ್ತಿ, ಭೂತಗನ್ನಡಿ ಹಿಡಿದು ಬಿರುಕು ಹುಡುಕತೊಡಗಿದಳು. ಬೆಳಕು ಸಾಲದೆಂದು ನಾನು ದೀಪವನ್ನು ಹತ್ತಿರ ಸರಿಸಲು ಹೋದೆ.

"ನೀನು ಮುಟ್ಬೇಡ," ಅಂದಳು.